ಕಿಟಕಿಯಾಚೆ ಮಾರಿದ ಹುಡುಗಿ

ತುರ್ಸುನೈಗೆ ಮೂವತ್ತೊಂಬತ್ತು ತುಂಬಿದ್ದರೂ ಅವಳ ಮುಖ ನೆಟ್ಟಗೆ ಕಾಣುವ ಫೋಟೊ ಲೋಕದಲ್ಲಿ ಇದ್ದದ್ದು ಒಂದೇ ಒಂದು, ಅದೂ ಪಾಸ್‌ಪೋರ್ಟಿನಲ್ಲಿ. ಮದುವೆಮನೆಯ ಫೋಟೊಗಳಲ್ಲಿ ಅವಳು ಯಾರದೋ ಟೋಪಿಯ ಹಿಂದೆ ಇರುತ್ತಾಳೆ, ಇಲ್ಲವೇ ಸರಿಯಾಗಿ ಅದೇ ಗಳಿಗೆಗೆ ಚಮಚ ಎತ್ತಿಕೊಳ್ಳಲು ಬಗ್ಗಿರುತ್ತಾಳೆ. ಇಂಥವಳು ಹದಿನಾಲ್ಕು ವರ್ಷದ ಗ್ರಂಥಾಲಯದ ಕೆಲಸ ಬಿಟ್ಟು ರಾಜಧಾನಿ ಬಿಶ್ಕೆಕ್‌ನಲ್ಲಿ ಬದುಕಿನ ಕೋಚ್ ಆಗುತ್ತೇನೆ ಅಂತ ಹೊರಟರೆ ಜನ ನಗದೆ ಇರುತ್ತಾರೆಯೇ? ಈ ಊರಿನಲ್ಲಿ ಈಗ ಕಲ್ಲೆಸೆದರೆ ಯಾರಾದರೊಬ್ಬ ಕೋಚ್‌ನ ತಲೆಗೆ ಬೀಳುತ್ತದೆ. ತೂಕ ಇಳಿಸುವ ಕೋಚ್, ಅತ್ತೆಯನ್ನು ಗೆಲ್ಲುವ ಕೋಚ್, ಬೆಳಗ್ಗೆ ಐದಕ್ಕೆ ಎಬ್ಬಿಸುವ ಕೋಚ್. ಎಲ್ಲರೂ ಫೋನಿನೊಳಗೆ ಹಲ್ಲು ಕಿರಿದುಕೊಂಡು ಕೂಗುತ್ತಿರುತ್ತಾರೆ.

ಆದರೆ ಒಂದು ಮಾತು ಹೇಳಲೇಬೇಕು, ಅವಳ ಕೈಗುಣ ಚೆನ್ನಾಗಿತ್ತು. ಬಾಯಿ ಬಿಡಲಾರದ ಹೆಂಗಸರು ಅವಳ ಬಳಿ ಬರುತ್ತಿದ್ದರು. ಬಂದವರಿಗೆ ಚಹಾ ಬಸಿದುಕೊಟ್ಟು ಎದುರಿಗೆ ಸುಮ್ಮನೆ ಕೂರುತ್ತಿದ್ದಳು, ಅಷ್ಟೇ ಅವಳ ವಿದ್ಯೆ. ಆ ಮೌನದಲ್ಲಿ ಏನಿತ್ತೋ, ಎದುರಿನವರು ಹತ್ತು ವರ್ಷ ಗಂಟಲಲ್ಲಿ ಕಟ್ಟಿಕೊಂಡದ್ದನ್ನು ಅರ್ಧ ಗಂಟೆಯಲ್ಲಿ ಕಕ್ಕುತ್ತಿದ್ದರು. ಮಾವನ ಎದುರು ಕೂತು ಒಂದು ದಿನವೂ ಊಟ ಮಾಡದ ಒಬ್ಬ ಸೊಸೆ, ಇವಳ ಹತ್ತಿರ ಆರು ಸಲ ಬಂದುಹೋದ ಮೇಲೆ ಮಾವನ ಎದುರಿಗೇ ಕೂತು ಮೂಳೆ ಚೀಪಿದಳಂತೆ. ಮನೆಯವರು ಗಾಬರಿಯಾದರಂತೆ. ಆದರೆ ಆ ಸೊಸೆ ಇದನ್ನು ನಾಲ್ಕು ಜನರಿಗೆ ಹೇಳುತ್ತಾಳೆಯೇ? ಇಲ್ಲ. ಬಾಯಿಲ್ಲದವರು ಗಿರಾಕಿಗಳಾದರೆ ಸುದ್ದಿ ಹರಡುವವರು ಯಾರು? ಚಳಿಗಾಲ ಮುಗಿಯುವ ಹೊತ್ತಿಗೆ ಅವಳ ಬಳಿ ಉಳಿದದ್ದು ಇಬ್ಬರು.

ಆಗಲೇ ಐಜಿರೆಕ್ ಬಂದದ್ದು. ಮಳಿಗೆಗಳಿಗೆ, ಹಲ್ಲಿನ ಡಾಕ್ಟರುಗಳಿಗೆ ಫೋನಿನಲ್ಲಿ ಪ್ರಚಾರ ಮಾಡಿಕೊಡುವ ಇಪ್ಪತ್ತಾರರ ಹುಡುಗಿ. ಪೇಟೆಯಲ್ಲೇ ಹುಟ್ಟಿ ಬೆಳೆದವಳು, ಮಾತು ಅಂದರೆ ಹುರಿದ ಅರಳು.

"ಅಕ್ಕಾ, ನಿಮ್ಮ ಪೇಜ್‌ನಲ್ಲಿ ಬರೀ ಚಹಾ ಕಪ್ಪು, ಹೂವಿನ ಕುಂಡ. ಜನ ಇದೇನು ಪಾತ್ರೆ ಅಂಗಡೀನಾ ಅಂದ್ಕೋತಾರೆ. ಮುಖ ತೋರಿಸಿ, ಮುಖ!"

"ಮುಖ ಬೇಡ ಕಣೇ. ಬರೆದು ಹಾಕ್ತೀನಿ."

"ಬರೆದಿದ್ದು ಯಾರು ಓದ್ತಾರೆ? ನಿಮ್ಮ ಲೈಬ್ರರಿ ಅಲ್ಲ ಇದು."

ಮೊದಲ ಲೈವ್‌ನಲ್ಲಿ ತುರ್ಸುನೈ ನಾಲ್ಕು ನಿಮಿಷ ಮಾತಾಡಿದಳು. ಅಷ್ಟೂ ಹೊತ್ತು ಪರದೆಯಲ್ಲಿ ಕಂಡದ್ದು ಅವಳ ಹಣೆ ಮತ್ತು ಹಿಂದಿನ ಗೋಡೆ. ಐಜಿರೆಕ್ ಹೊಟ್ಟೆ ಹಿಡಿದುಕೊಂಡು ನಕ್ಕು, "ಹಣೆ ಕೋಚಿಂಗ್ ಅಂತ ಬೋರ್ಡು ಹಾಕೋಣ್ವಾ ಅಕ್ಕಾ?" ಅಂದಳು. ಎರಡನೆಯ ಸಲ ಫೋನನ್ನು ತಾನೇ ಹಿಡಿದು ನಿಂತಳು. ಆಗ ನೋಡುತ್ತಿದ್ದವರು ಮೂವತ್ತೊಂದು ಜನ. ಆ ಮೂವತ್ತೊಂದರಲ್ಲಿ ಒಬ್ಬರಿಗೆ ಫೋಟೊ ಇರಲಿಲ್ಲ, ಹೆಸರಿನ ಜಾಗದಲ್ಲಿ ಒಂದು ಚುಕ್ಕೆ ಇತ್ತು. ಆ ಚುಕ್ಕೆ ಬರೆಯಿತು: "ಯಾರ ಮಗಳಮ್ಮ ನೀನು?"

ನಮ್ಮ ಕಡೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆಸರು ಕೇಳುವುದಕ್ಕೂ ಮೊದಲು ಯಾರ ಮಗಳು ಅಂತಲೇ ಕೇಳುವುದು. ಆದರೆ ತುರ್ಸುನೈ ಲೈವ್ ಅಲ್ಲಿಗೇ ಮುಗಿಸಿದಳು. ಆ ಪ್ರಶ್ನೆಗೆ ಅವಳಿಗೆ ಹುಟ್ಟಿದಾಗಿನಿಂದ ಒಂದೇ ಉತ್ತರ ಕಲಿಸಿದ್ದರು, ಮತ್ತು ಅದು ಸುಳ್ಳು.

ಅದು ಹೀಗೆ. ಅತ್‌ಬಾಶಿ ಕಡೆಯ ಹಳ್ಳಿಯೊಂದರಲ್ಲಿ ಕಾಲಿಪಾ ಎಂಬಾಕೆಗೆ ನಾಲ್ಕು ಮಕ್ಕಳು ಹುಟ್ಟಿ, ನಾಲ್ಕೂ ನಲವತ್ತು ದಿನ ತುಂಬುವ ಮೊದಲೇ ಹೋದವು. ರೋಗವಿಲ್ಲ, ರುಜಿನವಿಲ್ಲ, ಉಸಿರು ಸಣ್ಣಗಾಗುತ್ತಾ ಆಗುತ್ತಾ ನಿಂತುಹೋಗುತ್ತಿತ್ತು. ಇದನ್ನು ಮಾಡುವವಳು ಯಾರು ಅಂತ ಊರಿಗೆಲ್ಲ ಗೊತ್ತು. ಹೆಸರು ಮಾತ್ರ ಯಾರೂ ಎತ್ತುವುದಿಲ್ಲ, ಹಳದಿ ಕೂದಲಿನವಳು ಅನ್ನುತ್ತಾರೆ. ಒಂದು ಹೊಟ್ಟೆಯ ರುಚಿ ಹತ್ತಿದರೆ ಆ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಅವಳು ಬಿಡುವುದಿಲ್ಲ. ಐದನೆಯದು ಹುಟ್ಟಿದಾಗ ಕಾಲಿಪಾಳ ಅತ್ತೆ ಹೊಕ್ಕುಳ ಬಳ್ಳಿ ಕತ್ತರಿಸಿದ ಕೈಯಲ್ಲೇ ಮಗುವನ್ನು ಕಿಟಕಿಯಿಂದ ಹೊರಗೆ ಕೊಟ್ಟಳು. ಹೊರಗೆ ನಿಂತಿದ್ದ ನೆರೆಮನೆಯ ಬಾತ್ಮಾ ಒಂದು ಹಿಡಿ ಉಪ್ಪು ಕೊಟ್ಟು ಅದನ್ನು ಕೊಂಡುಕೊಂಡಳು. ಬಾತ್ಮಾ ಬಂಜೆ, ವಯಸ್ಸಾದವಳು. ಅತ್ತೆ ಬಾಗಿಲಿಗೆ ಬಂದು ಊರಿಗೆಲ್ಲ, ಹಳದಿ ಕೂದಲಿನವಳಿಗೂ ಕೇಳುವ ಹಾಗೆ, "ಈ ಮನೇಲಿ ಏನೂ ಹುಟ್ಟಲಿಲ್ಲ!" ಅಂತ ಕೂಗಿದಳು. ಮಗುವಿಗೆ ತುರ್ಸುನೈ ಅಂತ ಹೆಸರಿಟ್ಟರು, ಉಳಿದುಕೊಳ್ಳಲಿ ಅಂತ ಅದರ ಅರ್ಥ. ಹಣೆಗೆ ಮಸಿ ಬಳಿದರು, ಹರಕು ಬಟ್ಟೆ ತೊಡಿಸಿದರು, ಬಂದವರ ಮುಂದೆ "ಥೂ, ಎಷ್ಟು ಕುರೂಪಿ" ಅಂದರು. ಯಾರಾದರೂ ನೋಡಿದರೆ ಮುದುರಿಕೋ ಅಂತ ಕಲಿಸಿದರು.

ಹಾಗೆ ಮುದುರಿಕೊಳ್ಳುತ್ತಲೇ ಅವಳು ಬೆಳೆದಳು. ಬಾತ್ಮಾಳನ್ನು ಅಮ್ಮಾ ಅಂದಳು, ಹೆತ್ತವಳನ್ನು ನೆರೆಮನೆಯ ಅತ್ತಿಗೆ ಅಂದಳು. ಕಾಲಿಪಾ ದಿನಾ ಸಂಜೆ ಬಾತ್ಮಾಳ ಅಂಗಳಕ್ಕೆ ಜರಡಿ ಕೇಳಿಕೊಂಡು ಬರುತ್ತಿದ್ದಳು. ಜರಡಿ ತೆಗೆದುಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? ಅವಳು ಅರ್ಧ ಗಂಟೆ ನಿಲ್ಲುತ್ತಿದ್ದಳು, ಹುಡುಗಿಯ ಕಡೆ ಒಮ್ಮೆಯೂ ತಿರುಗದೆ. ಇದೆಲ್ಲ ಏನು ಅಂತ ತುರ್ಸುನೈಗೆ ತಿಳಿದದ್ದು ಹದಿನಾರರಲ್ಲಿ, ಬಾತ್ಮಾ ಸಾಯುವ ಮುಂಚೆ ಹೇಳಿದಾಗ. ತಿಳಿದ ಮೇಲೂ ಯಾವುದೂ ಬದಲಾಗಲಿಲ್ಲ. ಈಗಲೂ ಕಾಲಿಪಾ ಫೋನಿನಲ್ಲಿ, "ಏನೇ ಬಾತ್ಮಾ ಹುಡುಗಿ, ಇದ್ದೀಯಾ?" ಅನ್ನುತ್ತಾಳೆ. ಇವಳು "ಇದ್ದೀನಿ ಅತ್ತಿಗೆ" ಅನ್ನುತ್ತಾಳೆ. ಅಷ್ಟಕ್ಕೆ ಮಾತು ಮುಗಿಯುತ್ತದೆ.

ಚುಕ್ಕೆ ಮುಂದಿನ ಲೈವ್‌ನಲ್ಲೂ ಬಂದು ಅದನ್ನೇ ಕೇಳಿತು. ಅದರ ಮುಂದಿನದರಲ್ಲೂ ಕೇಳಿತು. ತುರ್ಸುನೈ ಹಾರಿಸಿಕೊಂಡು ಮಾತಾಡಿದಳು. ಐಜಿರೆಕ್ ಬಿಡಬೇಕಲ್ಲ.

"ಉತ್ತರ ಕೊಡಿ ಅಕ್ಕಾ. ಯಾಕೆ ಅಷ್ಟೊಂದು ಬಿಳಿಚಿಕೊಳ್ತೀರಿ?"

ಆ ಸಂಜೆ ತುರ್ಸುನೈ, ಅದೇನು ಮನಸ್ಸು ಬಂತೋ, ಇದೆಲ್ಲವನ್ನೂ ಅವಳಿಗೆ ಹೇಳಿಬಿಟ್ಟಳು. ಐಜಿರೆಕ್ ಬಾಯಿ ತೆರೆದುಕೊಂಡು ಕೇಳಿದಳು. ಕೇಳಿ ಮುಗಿಸಿ ಎದ್ದು ನಿಂತುಬಿಟ್ಟಳು.

"ಅಯ್ಯೋ ದೇವ್ರೇ, ಇಂಥ ಕಥೆ ಹೊಟ್ಟೇಲಿಟ್ಕೊಂಡು ಚಹಾ ಕಪ್ಪಿನ ಫೋಟೊ ಹಾಕ್ತಾ ಕೂತಿದ್ದೀರಲ್ಲ! ಕಾಣಿಸ್ಕೋಬಾರದು ಅಂತ ಬೆಳೆಸಿದ ಹುಡುಗಿ, ಈಗ ಕಾಣಿಸ್ಕೊಳ್ಳೋಕೆ ಕಲಿಸ್ತಾಳೆ! ಊರೇ ಮುಗಿಬೀಳುತ್ತೆ ಅಕ್ಕಾ!"

"ಹೇಳೋ ಹಾಗಿಲ್ಲ ಕಣೇ ಅದನ್ನ."

"ಯಾಕೆ? ಈ ವಯಸ್ಸಲ್ಲಿ ನಿಮ್ಮನ್ನ ಯಾವ ಹಳದಿ ಕೂದಲು ಬಂದು ಎತ್ಕೊಂಡು ಹೋಗುತ್ತೆ? ಹಳದಿ ಕೂದಲು ಬೇಕಾದ್ರೆ ನಮ್ಮ ಬೀದಿಯ ಸಲೂನಿಗೆ ಬನ್ನಿ, ಹತ್ತು ಜನ ಕೂತಿರ್ತಾರೆ."

ತುರ್ಸುನೈಗೂ ನಗು ಬಂತು. ನಿಜ ಹೇಳಬೇಕೆಂದರೆ ಅವಳು ಒಪ್ಪಿದ್ದು ಗಿರಾಕಿಗಳಿಗಾಗಿ ಅಲ್ಲ. ಒಂದೇ ಒಂದು ಸಲ, ನಾಲ್ಕು ಜನರ ಎದುರು, ಕಾಲಿಪಾ ನನ್ನ ತಾಯಿ ಅಂತ ಬಾಯಿ ತುಂಬ ಹೇಳಬೇಕು ಅಂತ ಅವಳಿಗೆ ಹಸಿವಿನ ಹಾಗೆ ಇತ್ತು. ಎಷ್ಟು ವರ್ಷದ ಹಸಿವು ಅದು!

ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಅವಳು ಫೋನಿನ ಎದುರು ನೆಟ್ಟಗೆ ಕೂತು ಹೇಳಿದಳು. ಉಪ್ಪು, ಕಿಟಕಿ, ಜರಡಿ, ಎಲ್ಲ. ಕೊನೆಗೆ, "ನಾನು ಬಾತ್ಮಾ ಮಗಳಲ್ಲ. ಅತ್‌ಬಾಶಿಯ ಕಾಲಿಪಾ ಹೆತ್ತ ಐದನೇ ಮಗು ನಾನು" ಅಂದಳು. ಅಳು ಬಂತು, ಅತ್ತಳು. ಕಾಮೆಂಟುಗಳು ಮಳೆಯ ಹಾಗೆ ಸುರಿದವು. ಅವುಗಳ ನಡುವೆ ಚುಕ್ಕೆಯದೂ ಒಂದಿತ್ತು. "ಸಿಕ್ಕಿದೆ" ಅಂತ ಬರೆದಿತ್ತು.

ಮೂರು ದಿನದಲ್ಲಿ ಹದಿನೇಳು ಸಾವಿರ ಜನ ಅದನ್ನು ನೋಡಿದರು. ನಲವತ್ತು ಹೆಂಗಸರು ಸಮಯ ಕೇಳಿ ಬರೆದರು. ಐಜಿರೆಕ್ ಕುಣಿದಾಡಿದಳು. ತುರ್ಸುನೈಗೆ ಕುಣಿಯಲು ಉಸಿರು ಸಾಲಲಿಲ್ಲ. ಮೊದಲು ಮೆಟ್ಟಿಲು ಹತ್ತುವಾಗ ಆಯಿತು, ಆಮೇಲೆ ಕೂತಲ್ಲೇ ಆಯಿತು. ಮಧ್ಯಾಹ್ನ ಹತ್ತು ನಿಮಿಷ ಅಡ್ಡಾದರೆ ಎದೆಯ ಮೇಲೆ ಕುರಿಯೊಂದು ಮಂಡಿಯೂರಿ ಕೂತ ಹಾಗೆ ಭಾರ. ಕಣ್ಣು ಬಿಟ್ಟರೆ ಬಿಸಿಲು ತುಂಬಿದ ಕೋಣೆ, ಯಾರೂ ಇಲ್ಲ. ಡಾಕ್ಟರು ಎದೆಯ ಚಿತ್ರ ತೆಗೆದು ಎಲ್ಲ ಸರಿ ಇದೆ ಅಂದರು. ಆದರೆ ಚಿತ್ರ ತೆಗೆದ ಹೆಂಗಸು ಬಾಗಿಲವರೆಗೆ ಬಂದು, "ನಿಮ್ಮ ಜೊತೆ ಒಳಗೆ ಬಂದವರನ್ನ ಮುಂದಿನ ಸಲ ಹೊರಗೇ ಕೂರಿಸಿ, ಒಬ್ಬರಿಗೆ ಮಾತ್ರ ಪ್ರವೇಶ" ಅಂತ ಗದರಿದಳು. ತುರ್ಸುನೈ ಒಬ್ಬಳೇ ಹೋಗಿದ್ದಳು.

ಒಂಬತ್ತನೆಯ ದಿನ ಹೊಸದಾಗಿ ಸೇರಿದವರ ಪಟ್ಟಿ ನೋಡುತ್ತಾ ಕೂತಿದ್ದಾಗ ನಾಲ್ಕು ಹೆಸರು ಒಟ್ಟೊಟ್ಟಿಗೆ ಕಂಡವು. ಬೇಶೆನ್. ಸಯಾಕಾನ್. ಉಲ್ಕಾನ್. ಜೊಲ್ದೊಶ್. ಯಾರಿಗೂ ಫೋಟೊ ಇಲ್ಲ. ನಾಲ್ವರೂ ಅವಳ ಆ ವೀಡಿಯೊಗೆ ಮಾತ್ರ ಹೃದಯ ಒತ್ತಿದ್ದರು, ನಾಲ್ವರೂ ಒಂದೇ ಮಾತು ಬರೆದಿದ್ದರು: "ತಂಗಿ, ಇಲ್ಲಿ ಜಾಗ ಇದೆ."

ಅವಳು ಊರಿಗೆ ಫೋನು ಮಾಡಿದಳು.

"ಅತ್ತಿಗೆ, ಬೇಶೆನ್ ಅಂದ್ರೆ ಯಾರು?"

ಆ ಕಡೆ ಎಲ್ಲೋ ನಾಯಿ ಬೊಗಳಿದ್ದು ಕೇಳಿಸಿತು.

"ಸಯಾಕಾನ್? ಉಲ್ಕಾನ್? ಜೊಲ್ದೊಶ್?"

"ಆ ಹೆಸರು ನಿಂಗೆ ಯಾರು ಹೇಳಿದ್ರು?" ಕಾಲಿಪಾಳ ದನಿ ಗುರುತೇ ಸಿಗದಂತಿತ್ತು. "ಮಣ್ಣು ಮಾಡಿದ ಮೇಲೆ ಆ ಹೆಸರು ನಾನೇ ನಾಲಿಗೆ ಮೇಲೆ ತಂದಿಲ್ಲ."

"ಅವ್ರೇ ಬಂದಿದ್ದಾರೆ. ಬಾ ಅಂತಿದ್ದಾರೆ."

"ಏನ್ ಮಾಡ್ಕೊಂಡ್ಯೇ ನೀನು?"

"ನಿಮ್ಮ ಹೆಸರು ಹೇಳ್ದೆ. ಹೆತ್ತವಳು ನೀವು ಅಂದೆ."

"ಎಷ್ಟು ಜನದ ಮುಂದೆ?"

ತುರ್ಸುನೈ ಹೇಳಿದಳು. ಮುದುಕಿ ಒಂದೇ ಮಾತು ಅಂದು ಫೋನು ಇಟ್ಟಳು: "ಮಲಗಬೇಡ. ನಾನು ಬರೋವರೆಗೂ ಬೆನ್ನು ನೆಲಕ್ಕೆ ತಾಗಿಸಬೇಡ."

ಮರುದಿನ ಬೆಳಗ್ಗೆ ಕಾಲಿಪಾ ಬಂದಳು. ಎಪ್ಪತ್ತೆರಡರ ಹೆಂಗಸು, ತಲೆಗೆ ಬಿಳಿ ವಸ್ತ್ರ, ಕಂಕುಳಲ್ಲಿ ಒಂದು ನಾನ್ ರೊಟ್ಟಿಯ ಗಂಟು. ಹೊಸ್ತಿಲ ಹೊರಗೇ ನಿಂತು ಅಕ್ಕಪಕ್ಕದ ಮನೆಗಳಿಗೂ ಕೇಳುವ ಹಾಗೆ, "ಬಾತ್ಮಾ ಮಗಳ ಮನೆ ಇದೇನಾ?" ಅಂತ ಕೂಗಿ ಕೇಳಿದಳು. ಹೌದು ಅಂದ ಮೇಲೆ ಒಳಗೆ ಬಂದಳು. ಬಂದವಳು ತುರ್ಸುನೈಯ ಮುಖ ನೋಡಲಿಲ್ಲ, ಅವಳ ಬೆನ್ನ ಹಿಂದಿನ ಜಾಗವನ್ನು ನೋಡಿದಳು. ನೋಡಿ ಕಣ್ಣು ಕೆಳಗೆ ಹಾಕಿದಳು.

"ಅಜ್ಜಿ, ನೀವೂ ಇವರೂ ಒಟ್ಟಿಗೆ ಕೂತು ಒಂದು ವೀಡಿಯೊ..." ಅಂತ ಐಜಿರೆಕ್ ಸಂಭ್ರಮದಿಂದ ಶುರುಮಾಡಿದಳು.

"ಮಾಡೋಣ," ಅಂದಳು ಕಾಲಿಪಾ. "ಮೊನ್ನೆ ಇವಳು ಮಾತಾಡಿದಾಗ ಇದ್ದೋರೆಲ್ಲ ಬರಬೇಕು. ಒಬ್ಬರೂ ತಪ್ಪಬಾರದು. ಆಗುತ್ತಾ?"

"ಅದಕ್ಕಿಂತ ಜಾಸ್ತಿ ಬರ್ತಾರೆ ಅಜ್ಜಿ! ತಾಯಿ ಮಗಳ ಭೇಟಿ ಅಂತ ಹಾಕ್ತೀನಿ."

ಹನ್ನೆರಡಕ್ಕೆ ಲೈವ್ ಶುರುವಾಯಿತು. ಸಾವಿರಾರು ಜನ ಕಣ್ಣೀರು ಒರೆಸಿಕೊಳ್ಳಲು ಸಿದ್ಧರಾಗಿ ಬಂದಿದ್ದರು. ಚುಕ್ಕೆಯೂ ಬಂದಿತ್ತು, ಆ ನಾಲ್ವರೂ ಬಂದಿದ್ದರು. ಕಾಲಿಪಾ ಗಂಟು ಬಿಚ್ಚಿ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು.

"ನಾನು ಅತ್‌ಬಾಶಿಯ ಕಾಲಿಪಾ," ಅಂದಳು. "ಈ ಹೆಂಗಸು ನನ್ನ ಹೆಸರು ಹೇಳ್ಕೊಂಡು ನಿಮಗೆಲ್ಲ ಒಂದು ಕಥೆ ಹೇಳಿದ್ಲಂತೆ. ಸುಳ್ಳು ಅದು. ಇವಳು ನಮ್ಮ ನೆರೆಮನೆ ಬಾತ್ಮಾ ಮಗಳು. ವ್ಯಾಪಾರ ಆಗ್ಲಿ ಅಂತ ಬಾಯಿಗೆ ಬಂದಿದ್ದು ಹೇಳಿದ್ದಾಳೆ. ನಾನು ಹೆತ್ತಿದ್ದು ನಾಲ್ಕು, ಹೂತಿದ್ದು ನಾಲ್ಕು. ನಂಗೆ ಮಗಳಿಲ್ಲ."

ಪರದೆಯ ಮೇಲೆ ಬೈಗುಳ ಉಕ್ಕಿತು. ಮೋಸಗಾತಿ ಅಂದರು, ಸತ್ತ ಕೂಸುಗಳನ್ನು ಮಾರಿಕೊಂಡು ತಿನ್ನುವವಳು ಅಂದರು. ಆ ಬೈಗುಳದ ನಡುವೆ ಚುಕ್ಕೆ ಮೆಲ್ಲಗೆ ಬರೆಯಿತು: "ಅವಳು ಹೇಳಲಿ."

ತುರ್ಸುನೈಯ ಎದೆ ಕಲ್ಲಾಗಿತ್ತು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ ಎಳೆಯುತ್ತಿದ್ದಳು. ಆದರೂ ಬಾತ್ಮಾ ಮಗಳು ಅನ್ನಲು ಬಾಯಿ ಬರಲಿಲ್ಲ. ಸತ್ತರೆ ಸಾಯುತ್ತೇನೆ, ಕಾಲಿಪಾಳ ಮಗಳಾಗಿಯೇ ಸಾಯುತ್ತೇನೆ, ಅನ್ನಿಸಿತು ಅವಳಿಗೆ. ಒಂಬತ್ತು ದಿನವಾದರೂ ಲೋಕದ ಎದುರು ಮಗಳಾಗಿದ್ದೆ, ಅದನ್ನು ಈಗ ನನ್ನ ಬಾಯಿಂದಲೇ ಕಿತ್ತುಕೊಳ್ಳಲೇ? ಆಗ ಮೇಜಿನ ಕೆಳಗೆ, ಫೋನಿಗೆ ಕಾಣದ ಕಡೆ, ಮುದುಕಿಯ ಕೈ ಅವಳ ಮುಂಗೈಯನ್ನು ಹಿಡಿಯಿತು. ಹುಟ್ಟಿ ಮೂವತ್ತೊಂಬತ್ತು ವರ್ಷಕ್ಕೆ ಮೊದಲ ಸಲ ತಾಯಿಯ ಕೈ ತಾಗಿದ್ದು. ಆ ಕೈ ಅವಳ ಮೂಳೆ ನೋಯುವಷ್ಟು ಬಿಗಿಯಾಗಿ ಅಮುಕಿತು.

"ನಾನು ಬಾತ್ಮಾ ಮಗಳು," ಅಂದಳು ತುರ್ಸುನೈ. "ಸುಳ್ಳು ಹೇಳಿದ್ದೆ."

ಚುಕ್ಕೆ ಬರೆಯಿತು: "ರೊಟ್ಟಿ ಮುಟ್ಟಿ ಹೇಳು, ಕಾಲಿಪಾ."

ತುರ್ಸುನೈ "ಬೇಡ!" ಅಂದುಬಿಟ್ಟಳು. ನಮ್ಮ ಕಡೆ ರೊಟ್ಟಿಯ ಮೇಲಿನ ಸುಳ್ಳಾಣೆ ಯಾರನ್ನೂ ಬಿಟ್ಟದ್ದಿಲ್ಲ. ಕಾಲಿಪಾ ಅವಳ ಕಡೆ ತಿರುಗಲೂ ಇಲ್ಲ. ಎರಡೂ ಕೈ ರೊಟ್ಟಿಯ ಮೇಲಿಟ್ಟು, ಅಕ್ಷರ ಅಕ್ಷರ ಬಿಡಿಸಿ ಹೇಳಿದಳು.

"ಇವಳು ನನ್ನ ಹೊಟ್ಟೇಲಿ ಹುಟ್ಟಿದವಳಲ್ಲ. ಸುಳ್ಳಾದ್ರೆ ಈ ರೊಟ್ಟಿ ನನ್ನ ಕಣ್ಣು ಕಿತ್ಕೊಳ್ಲಿ. ನನ್ನ ನಾಲ್ಕೂ ನಿನ್ನ ಹತ್ರಾನೇ ಇವೆ. ಎಣಿಸ್ಕೋ."

ಮೊದಲು ಬೇಶೆನ್ ಪರದೆಯ ಪಟ್ಟಿಯಿಂದ ಹೊರಟುಹೋದ. ಸಯಾಕಾನ್, ಉಲ್ಕಾನ್, ಜೊಲ್ದೊಶ್ ಒಬ್ಬರ ಹಿಂದೆ ಒಬ್ಬರು ಹೊರಟರು. ಕೊನೆಗೆ ಚುಕ್ಕೆಯೂ ಇಲ್ಲವಾಯಿತು. ತುರ್ಸುನೈಯ ಎದೆ ಬಿಚ್ಚಿಕೊಂಡು ಗಾಳಿ ಒಳಗೆ ಹೋಯಿತು, ಅವಳು ಕೆಮ್ಮಿ ಕೆಮ್ಮಿ ಉಸಿರಾಡಿದಳು. ಐಜಿರೆಕ್ ಫೋನು ಆರಿಸಿ, "ಅಕ್ಕಾ, ನಲವತ್ತು ಜನಾನೂ ಬರಲ್ಲ ಅಂತ ಬರೆದ್ರು" ಅಂತ ಅಳುತ್ತಾ ಹೇಳಿದಳು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

"ಚಹಾ ಕುಡಿದು ಹೋಗಿ," ಅಂದಳು ತುರ್ಸುನೈ.

"ಗುರುತಿಲ್ಲದೋರ ಮನೇಲಿ ಎಷ್ಟು ಹೊತ್ತು ಕೂರೋದು," ಅಂದಳು ಕಾಲಿಪಾ. ಎದ್ದು ನಿಂತು ಮೇಜಿನ ಅಂಚನ್ನು ತಡವಿದಳು. "ಮೋಡ ಆಯ್ತಾ? ಬೆಳಕು ಕಮ್ಮಿ ಆದ ಹಾಗಿದೆ."

ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು.

ಟ್ಯಾಕ್ಸಿ ನಿಲ್ದಾಣದವರೆಗೆ ತುರ್ಸುನೈ ಅವಳ ತೋಳು ಹಿಡಿದು ನಡೆಸಿದಳು. ಕಣ್ಣು ಸರಿಯಾಗಿ ಕಾಣದ ಮುದುಕಿಯನ್ನು ಯಾರು ಬೇಕಾದರೂ ಕೈ ಹಿಡಿದು ನಡೆಸಬಹುದು, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಇವಳ ಬೆನ್ನು ಹಗುರವಾಗಿತ್ತು. ಮುದುಕಿ ಮಾತ್ರ ಭಾರ ಹೊತ್ತವಳ ಹಾಗೆ ಬಾಗಿ ಹೆಜ್ಜೆ ಹಾಕುತ್ತಿದ್ದಳು.

ಅತ್‌ಬಾಶಿಯ ಟ್ಯಾಕ್ಸಿಯಲ್ಲಿ ಮುಂದೆ ಇಬ್ಬರು ಕೂತಿದ್ದರು, ಡ್ರೈವರ್ ಮತ್ತು ಅವನ ಮಾವ. ಕಾಲಿಪಾ ಹಿಂದೆ ಕೂತಳು. ಅವಳ ಆಚೆ ಬದಿಗೆ ಒಬ್ಬ ಮೇಷ್ಟ್ರು ಕೂತು ತೂಕಡಿಸುತ್ತಿದ್ದರು. ಡ್ರೈವರ್ ಇಳಿದು ಬಂದು, "ಒಂದು ಸೀಟು ಖಾಲಿ! ನಾರಿನ್, ಅತ್‌ಬಾಶಿ, ಒಂದೇ ಸೀಟು!" ಅಂತ ಕೂಗತೊಡಗಿದ.

"ಖಾಲಿ ಇಲ್ಲಪ್ಪಾ ಅದು," ಅಂದಳು ಕಾಲಿಪಾ ಒಳಗಿನಿಂದ. "ಜನ ಇದ್ದಾರೆ. ಹೊರಡು."

ಡ್ರೈವರ್ ಹಿಂದೆ ಬಗ್ಗಿ ನೋಡಿದ. ನಡುವಿನ ಸೀಟಿನ ಹೊದಿಕೆ ಯಾರೋ ಕೂತ ಹಾಗೆ ತಗ್ಗಾಗಿತ್ತು. ಅವನು ಇನ್ನೊಂದು ಸಲ ಕೂಗಲಿಲ್ಲ, ಬಾಗಿಲು ಹಾಕಿಕೊಂಡು ಗಾಡಿ ಶುರುಮಾಡಿದ.

ತುರ್ಸುನೈ ಕಿಟಕಿಯ ಹತ್ತಿರ ನಿಂತಿದ್ದಳು. ಕಾಲಿಪಾ ಆ ತಗ್ಗಿನ ಕಡೆಗೆ ಕಿವಿಗೊಟ್ಟು, ಏನೋ ಕೇಳಿಸಿಕೊಂಡವಳಂತೆ ತಲೆಯಾಡಿಸಿದಳು. ಆಮೇಲೆ ಬೆಳಕಿಲ್ಲದ ಕಣ್ಣನ್ನು ಕಿಟಕಿಯತ್ತ ತಿರುಗಿಸಿ, ಪಕ್ಕದವಳಿಗೆ ಉತ್ತರ ಕೊಡುವ ಹಾಗೆ ಗಟ್ಟಿಯಾಗಿ ಹೇಳಿದಳು.

"ನಂಗೆ ಗೊತ್ತಿಲ್ಲ, ಯಾರೋ ದಾರಿ ತೋರಿಸೋಕೆ ಬಂದ ಹೆಂಗಸು. ಎಷ್ಟು ಒಳ್ಳೆಯವಳು, ಎಷ್ಟು ಲಕ್ಷಣವಾಗಿದ್ದಾಳೆ! ಇಂಥವಳನ್ನ ಹೆತ್ತವಳ ಹೊಟ್ಟೆ ತಣ್ಣಗಿರಲಿ."

ಗಾಡಿ ಹೊರಟಿತು. ತುರ್ಸುನೈ ಅಳುವ ಹಾಗಿರಲಿಲ್ಲ. ಗುರುತಿಲ್ಲದ ಮುದುಕಿಯೊಬ್ಬಳು ಊರಿಗೆ ಹೊರಟರೆ ಯಾರೂ ನಿಂತು ಅಳುವುದಿಲ್ಲ.